ಎದುರು ಮನೆಯ ನಾಲ್ಕು ಹೆಸರು

ಲಿಸ್ಬನ್, ಭಾನುವಾರ

ಅಮ್ಮಾ,

ನಾನು ಹುಷಾರಾಗಿದ್ದೇನೆ, ಹೋಟೆಲಿನ ಅಡುಗೆ ಕೆಲಸವೂ ಒಗ್ಗಿತು. ತಲೆ ಮಾತ್ರ ಗಿರಿಗಿಟ್ಲೆ ಆಗಿದೆ. ಎದುರು ಮನೆ ಬಾಗಿಲಲ್ಲಿ "ಮರಿಯಾ ಹೆಲೇನಾ ತವಾರೆಸ್ ಕೊರೈಯಾ" ಅಂತ ಬೋರ್ಡಿದೆ. ಮರಿಯಾ, ಹೆಲೇನಾ ಅಕ್ಕತಂಗಿಯರು, ಉಳಿದಿಬ್ಬರು ಅವರ ಗಂಡಂದಿರು ಅಂದುಕೊಂಡು ನಾಲ್ಕು ಜನಕ್ಕಾಗುವಷ್ಟು ಗೋಳಿಬಜೆ ಕರಿದು ತಕ್ಕೊಂಡು ಹೋದೆ. ಬಾಗಿಲು ತೆಗೆದದ್ದು ಒಬ್ಬಳೇ ಮುದುಕಿ! ಉಳಿದವರು ಎಲ್ಲಿ ಅಂತ ಒಳಗೆ ಇಣುಕಿದೆ. ನಾಲ್ಕೂ ಅವಳದೇ ಹೆಸರಂತೆ. ಮೊದಲಿನೆರಡು ಅವಳಿಗೆ ಇಟ್ಟದ್ದು, ಮೂರನೆಯದು ಅಮ್ಮನ ಮನೆತನ, ಕೊನೆಯದು ಅಪ್ಪನದು. ನಂಗೆಂತ ಗೊತ್ತು?

ನನ್ನ ಹೆಸರು ಕೇಳಿದ್ದಕ್ಕೆ ಪಾಸ್‌ಪೋರ್ಟ್ ತೋರಿಸಿದೆ. ಅದರಲ್ಲಿ ಬರೀ ನಿತೇಶ್ ಅಂತಿರುವುದು ನೋಡಿ, ಪಾಪ, ಅನಾಥ ಅಂದುಕೊಂಡು ತಲೆ ಸವರಿದಳು. "ಅಪ್ಪ ಹೋದದ್ದು ಹೌದು. ಅಮ್ಮ ಕೋಟೇಶ್ವರದಲ್ಲಿ ಗಟ್ಟಿಮುಟ್ಟಾಗಿದ್ದಾಳೆ" ಅಂತ ಫೋನಿನಲ್ಲಿ ಅವಳ ಭಾಷೆಗೆ ತಿರುಗಿಸಿ ತೋರಿಸಿದೆ. "ಮತ್ತೆ ಅಮ್ಮ ನಿನ್ನ ಹೆಸರಿನಲ್ಲಿ ಯಾಕಿಲ್ಲ?" ಅಂದಳು. ಎಂತ ಹೇಳೂದು ಅಮ್ಮಾ?

ಮೊಣಗಂಟಿನ ಮಾತ್ರೆ ಬಿಡಬೇಡ. ಕಾರ್ಡಲ್ಲಿ ಜಾಗ ಮುಗಿಯಿತು. ನಿನ್ನ ಹೆಸರು ಮುಂದೆ ಹಾಕೂದಾ, ಹಿಂದೆ ಹಾಕೂದಾ ಗೊತ್ತಾಗದೆ ಎರಡೂ ಕಡೆ ಹಾಕಿದ್ದೇನೆ.

ನಾಗು ನಿತೇಶ್ ನಾಗು