ಗುಡಿಸಿಟ್ಟ ಮೆಟ್ಟಿಲುಗಳ ಬಗ್ಗೆ

ಕೆರೆದಂಡೆ ಅಭಿವೃದ್ಧಿ ಪ್ರಾಧಿಕಾರದ ಮಾನ್ಯ ಅಧ್ಯಕ್ಷರೇ,

ನಮ್ಮ ಬೀದಿಯ ಕೊನೆಯಲ್ಲಿ ಕೆರೆಗಿಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಅವಕ್ಕೆ ತಾವು ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿಸಿದ್ದೀರಿ. ಗೇಟಿನಾಚೆ ಹೋಟೆಲ್ಲು, ಹುಲ್ಲುಹಾಸು, ದೋಣಿವಿಹಾರ, ಈಚೆ ನಾವು. ಹೊರಗಿನ ಬೋರ್ಡಿನಲ್ಲಿ ಮಾತ್ರ ‘ಜನರಿಗಾಗಿ ಕೆರೆದಂಡೆ’ ಎಂದು ಬರೆಸಿದ್ದೀರಿ. ಆ ಜನ ಯಾರು ಎಂದು ಕೇಳಲು ಈ ಪತ್ರ.

ತಮ್ಮ ಕಚೇರಿಯ ಉತ್ತರ ನಮಗೆ ಬಾಯಿಪಾಠವಾಗಿದೆ: ತಾವು ಖುದ್ದಾಗಿ ಪರಿಶೀಲನೆಗೆ ಬಂದ ದಿನ ದಂಡೆಯಲ್ಲಿ ‘ಸಾರ್ವಜನಿಕ ಬಳಕೆಯ ಯಾವ ಕುರುಹೂ ಕಂಡುಬರಲಿಲ್ಲ’, ಬಳಸದ ದಾರಿಯ ಮೇಲೆ ಹಕ್ಕು ಎಲ್ಲಿಂದ ಬರಬೇಕು? ತಾವು ಸುಳ್ಳು ಬರೆದಿಲ್ಲ, ಮಾನ್ಯರೇ. ಹೊಟ್ಟೆ ಉರಿಯುವುದೇ ಅದಕ್ಕೆ. ಕುರುಹು ಇರಲಿಲ್ಲ, ಏಕೆಂದರೆ ನಾವೇ ಅದನ್ನು ಎತ್ತಿಟ್ಟಿದ್ದೆವು. ದೊಡ್ಡವರು ಬರುತ್ತಾರೆಂದು ಗೊತ್ತಾಗಿದ್ದೇ ತಡ, ಬೀದಿಯಲ್ಲಿ ಯಾರಿಗೂ ಕೈಕಾಲು ನಿಲ್ಲಲಿಲ್ಲ. ದೋಣಿ ರಿಪೇರಿಯವನು ದಂಡೆಯಲ್ಲಿ ಮಗುಚಿ ಹಾಕಿದ್ದ ದೋಣಿಗಳನ್ನು ಹಿತ್ತಲಿಗೆಳೆದ. ಲಾಂಡ್ರಿ ನಡೆಸುವ ನಾನು ಬಟ್ಟೆ ಒಣಗಿಸುವ ಹಗ್ಗಗಳನ್ನು ಬಿಚ್ಚಿ, ಒದ್ದೆ ಬೆಡ್‌ಶೀಟುಗಳನ್ನು ಮನೆಯೊಳಗೆ ಹರಡಿದೆ. ಮಂಚ, ಕುರ್ಚಿ, ಟೀವಿ ಯಾವುದನ್ನೂ ಬಿಡಲಿಲ್ಲ. ಈಜುವ ಮಕ್ಕಳನ್ನು ಗದರಿಸಿ ಒಳಗೆ ಕೂರಿಸಿದೆವು. “ನಮ್ಮ ಹರಕುಮುರುಕು ಅವರ ಕಣ್ಣಿಗೆ ಬೀಳೋದು ಬೇಡ. ಚೊಕ್ಕಟವಾಗಿದ್ರೆ ಖುಷಿಯಾಗಿ ಏನಾದ್ರೂ ಮಂಜೂರು ಮಾಡ್ತಾರೆ,” ಎಂದ ದೋಣಿಯವನು. ಮಂಜೂರಾದದ್ದು ಗೇಟು. ಮೆಟ್ಟಿಲುಗಳನ್ನು ಉಜ್ಜಿ ತೊಳೆದವಳು ನಾನೇ. ಯಾರಾದರೂ ಬರುತ್ತಾರೆಂದರೆ ತಾವೂ ಮನೆ ಗುಡಿಸುವುದಿಲ್ಲವೇ? ಗುಡಿಸಿದ ಮನೆ ನೋಡಿ, ಇಲ್ಲಿ ಯಾರೂ ವಾಸವಿಲ್ಲವೆಂದು ಬೀಗ ಹಾಕಿಕೊಂಡು ಹೋಗುವ ಅತಿಥಿಯನ್ನು ಎಲ್ಲಾದರೂ ಕಂಡಿದ್ದೀರಾ? ಆ ಕಲ್ಲುಗಳ ನಡುಭಾಗ ತಗ್ಗಾಗಿದೆ. ಅದನ್ನು ಸವೆಸಿದ್ದು ಗಾಳಿಯೇ?

ಇನ್ನು ನನ್ನ ಅಮ್ಮನ ವಿಷಯ. ಅವಳ ಮಂಡಿಗಳು ಹೋಗಿವೆ. ಬಚ್ಚಲಿಗೆ ಕರೆದೊಯ್ಯಲೂ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬೇಕು. ಆದರೆ ನೀರಿನಲ್ಲಿ ಅಮ್ಮ ತಾನೇ ನಡೆಯುತ್ತಿದ್ದಳು. ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು, ಒಂದೊಂದಾಗಿ ಜಾರಿಕೊಂಡು ಇಳಿದು, ನೀರು ಎದೆಮಟ್ಟಕ್ಕೆ ಬಂದೊಡನೆ “ಬಿಡೇ ಕೈ!” ಎಂದು ನನ್ನನ್ನೇ ಗದರುತ್ತಿದ್ದಳು. ಆಮೇಲೆ ಅವಳದೇ ದರ್ಬಾರು. ದಂಡೆಯಲ್ಲಿದ್ದವರಿಗೆಲ್ಲ ಬುದ್ಧಿ ಹೇಳುತ್ತ ಅತ್ತಿಂದಿತ್ತ ಓಡಾಡುವಳು. ಇದನ್ನು ನಿಲ್ಲಿಸಬೇಡಿ ಎಂದು ಡಾಕ್ಟರೂ ಹೇಳಿದ್ದರು. ತಾವು ಬಂದ ದಿನ ಮಾತ್ರ, ಒದ್ದೆ ಬಟ್ಟೆಯಲ್ಲಿ ದೊಡ್ಡವರ ಎದುರು ಚೆನ್ನಾಗಿರುವುದಿಲ್ಲವೆಂದು ಅವಳನ್ನೂ ಆ ಬೆಡ್‌ಶೀಟುಗಳ ನಡುವೆ ಕೂರಿಸಿದ್ದೆ.

ಗೇಟು ಬಿದ್ದ ಮೇಲೆ ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋದೆ. ಕಾವಲಿಗಿದ್ದವನು ದೋಣಿಯವನ ಅಳಿಯನೇ. “ಹೋಟೆಲಲ್ಲಿ ರೂಮು ತಗೊಂಡೋರಿಗೆ ಮಾತ್ರ ಅಕ್ಕ. ಬಿಟ್ರೆ ನನ್ನ ಕೆಲಸ ಹೋಗುತ್ತೆ,” ಎಂದು ನೆಲ ನೋಡಿದ.

“ನಾನೇನು ಕೆರೆ ಕುಡಿದು ಖಾಲಿ ಮಾಡ್ತೀನೇನೋ?” ಎಂದಳು ಅಮ್ಮ.

ಅವನು ನಗಲಿಲ್ಲ. ಅಮ್ಮನೂ ಮತ್ತೆ ಆ ಮಾತೆತ್ತಲಿಲ್ಲ. ಈಗ ಬೆಳಿಗ್ಗೆ ಎಬ್ಬಿಸಿದರೆ ಗೋಡೆಯ ಕಡೆ ಹೊರಳಿ ಮಲಗುತ್ತಾಳೆ. ಕಾಲುಗಳು ದಿನದಿಂದ ದಿನಕ್ಕೆ ಬಿಗಿಯುತ್ತಿವೆ. ನನಗೆ ಸಿಟ್ಟಿದೆ, ಅದಕ್ಕಿಂತ ಹೆಚ್ಚಾಗಿ ಭಯವಿದೆ.

ದೂರು ಕೊಟ್ಟರೆ ತಮ್ಮ ಕಚೇರಿಯವರು ಆಚೆ ದಡದ ವೀಕ್ಷಣಾ ಕಟ್ಟೆಯನ್ನು ತೋರಿಸುತ್ತಾರೆ. ಅಲ್ಲಿ ಕಂಬಿ ಹಿಡಿದು ನಿಂತು ಕೆರೆಯನ್ನು ಕಣ್ತುಂಬ ನೋಡಬಹುದಂತೆ. ನೀರು ನೋಡಿದರೆ ಮಂಡಿ ಸಡಿಲವಾಗುವುದಾದರೆ, ಗೋಡೆಗೊಂದು ಕೆರೆಯ ಕ್ಯಾಲೆಂಡರ್ ತೂಗುಹಾಕಿ ಸುಮ್ಮನಾಗುತ್ತಿದ್ದೆ.

ನಮ್ಮ ಬೇಡಿಕೆ ಒಂದೇ. ಹೋಟೆಲ್ಲು ಇರಲಿ, ಹುಲ್ಲುಹಾಸೂ ಇರಲಿ. ಮೆಟ್ಟಿಲುಗಳ ಗೇಟು ಕೀಳಿಸಿ, ಆ ದಾರಿ ಎಲ್ಲರದೆಂದು ಬರೆದುಕೊಡಿ. ಆಮೇಲೂ ಅನುಮಾನವಿದ್ದರೆ ಮತ್ತೊಮ್ಮೆ ಪರಿಶೀಲನೆಗೆ ಬನ್ನಿ. ಮೊದಲೇ ತಿಳಿಸಿಯೇ ಬನ್ನಿ, ಈ ಸಲ ಯಾರೂ ಏನನ್ನೂ ಎತ್ತಿಡುವುದಿಲ್ಲ. ದೋಣಿಗಳು ಕಾಲಿಗೆ ಸಿಗುತ್ತವೆ, ಒದ್ದೆ ಬೆಡ್‌ಶೀಟು ಮುಖಕ್ಕೆ ಬಡಿಯುತ್ತದೆ, ಮಕ್ಕಳು ನೀರೆರಚುತ್ತಾರೆ. ಮೆಟ್ಟಿಲ ಮೇಲೆ ಕೂತು ಇಳಿಯುತ್ತಿರುವ ಒಬ್ಬ ಮುದುಕಿ ತಮಗೆ ಅಡ್ಡವಾಗುತ್ತಾಳೆ. ಅವಳು ನೀರು ಸೇರುವವರೆಗೆ ದಯವಿಟ್ಟು ಕಾಯಿರಿ.

ಇಂತಿ,
ತಮಗಾಗಿ ಮೆಟ್ಟಿಲು ತೊಳೆದು ಕೈಸುಟ್ಟುಕೊಂಡ
ಲಾಂಡ್ರಿಯವಳು