ಮಣೆಯ ಮೇಲೆ ಕೂತ ದೊರೆ

ಅಪ್ಪಾ,

ಎರಡೂ ಮುಕ್ಕಾಲಿಗೆ ಎಚ್ಚರವಾಯಿತು. ಪಕ್ಕದ ಕೋಣೆಯಲ್ಲಿ ಲಗೇಜು ತೂಗುವ ಯಂತ್ರ ಬೀಪ್ ಅಂದಿತು. ನನ್ನ ಗಂಡ ಪ್ರಶಾಂತ ಆ ಪುಟ್ಟ ಸೂಟ್‌ಕೇಸನ್ನು ಮತ್ತೆ ತೂಗುತ್ತಿರಬೇಕು. ಅವನಿಗೂ ಇವತ್ತು ನಿದ್ದೆ ಇಲ್ಲ. ಆರಕ್ಕೆ ಟ್ಯಾಕ್ಸಿ ಬರುತ್ತದೆ. ಅತ್ತೆ ಮೈಸೂರಿಗೆ ವಾಪಸು ಹೊರಟಿದ್ದಾರೆ, ಜೊತೆಗೆ ನನ್ನ ಮಗಳು ಚಾರ್ವಿಯೂ. ಎರಡು ವರ್ಷದ ಮಟ್ಟಿಗೆ. ನೀವು ಹೋದಾಗ ನನ್ನ ಹೊಟ್ಟೆಯಲ್ಲಿದ್ದಳಲ್ಲ, ಅವಳೇ. ಹೆಣ್ಣು ಅಪ್ಪಾ. ಕಿವಿ ಥೇಟ್ ನಿಮ್ಮದೇ. ಈಗ ಮೂರು ತುಂಬಿದೆ, ಅಷ್ಟರಲ್ಲೇ...

ದಾವಣಗೆರೆಯ ನಮ್ಮ ಮನೆಯ ಹಾಲಿನಲ್ಲಿ ಬಿ.ಎ. ಹುಡುಗರಿಗೆ ಇಂಗ್ಲೆಂಡಿನ ಜಾನ್ ರಾಜನ ಪಾಠ ಮಾಡುತ್ತಿದ್ದಿರಿ, ನೆನಪಿದೆಯೇ? ಟವೆಲನ್ನೇ ರಾಜನ ಮೇಲಂಗಿಯಂತೆ ಹೊದ್ದು ಗುಡುಗುತ್ತಿದ್ದಿರಿ. ಮನಸ್ಸಿಗೆ ಬಂದಷ್ಟು ಕಂದಾಯ ಕಿತ್ತವನು, ವಿಚಾರಣೆಯಿಲ್ಲದೆ ಸೆರೆಗೆ ತಳ್ಳಿದವನು. ಸರದಾರರೆಲ್ಲ ಸೇರಿ ಅವನನ್ನು ಹೊಳೆದಂಡೆಯ ಹುಲ್ಲುಗಾವಲಿನಲ್ಲಿ ನಿಲ್ಲಿಸಿ, ರಾಜನೂ ಕಾನೂನಿಗೆ ಬದ್ಧ ಎಂಬ ಸನ್ನದಿಗೆ ಮುದ್ರೆ ಒತ್ತಿಸಿದರು. "ಅಲ್ಲಿಗೆ ಮುಗೀತಾ ಸರ್?" ಎಂದ ಒಬ್ಬ. "ಎಲ್ಲಿ ಮುಗೀತೋ ಮಂಕೆ! ಕೆಲವೇ ವಾರಕ್ಕೆ ಅದು ರದ್ದು ಅಂತ ಪೋಪ್ ಕೈಲಿ ಹೇಳಿಸಿದ. ಅವನ ಮಗನ ಕಾಲಕ್ಕೆ ಮತ್ತೆ ಬರೆಸಿದ್ರು, ಮೊಮ್ಮಗನ ಕಾಲಕ್ಕೆ ಮತ್ತೆ. ಮುಂದೆ ಒಬ್ಬ ರಾಜನ ತಲೆ ಹೋಯ್ತು, ಇನ್ನೊಬ್ಬ ಓಡಿಹೋದ. ಆಮೇಲೆ ಬಂದವನಿಗೆ ಕಿರೀಟ ಕೊಡೋಕ್ ಮುಂಚೆನೇ ಶರತ್ತು ಓದಿ ಹೇಳಿದ್ರು. ರಾಜ ಒಂದೇ ಸಲಕ್ಕೆ ಕಟ್ಟುಪಾಡಿಗೆ ಬಗ್ಗಲ್ಲ ಕಣ್ರೋ. ಪ್ರತಿ ಸಲ ಯಾರಾದ್ರೂ ಎದುರಿಗೆ ನಿಲ್ಲಬೇಕು."

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಸಂಜೆ ಕಾಫಿ ಕುಡಿಯುತ್ತಾ ಘೋಷಿಸಿದಿರಿ: "ಜೂನ್‌ನಿಂದ ನಂದೂ ಹುಬ್ಬಳ್ಳಿಯ ಸೋದರತ್ತೆ ಮನೇಲಿದ್ದು ಓದ್ತಾಳೆ." ಅಮ್ಮ ಒಳಗೆ ಹೋದಳು. ಊಟದ ಮಣೆ ತಂದು ನಿಮ್ಮ ಕಾಲಬುಡದಲ್ಲಿ ಇಟ್ಟಳು.

"ದೊರೆಗಳು ಕೆಳಗಿಳೀಬೇಕು."

"ಏನೇ ಇದು ನಾಟಕ?"

"ದಿನಾ ಟವೆಲ್ ಹೊದ್ಕೊಂಡು ನಾಟಕ ಮಾಡೋರು ನೀವು. ಅವಳನ್ನ ಕೇಳಿದ್ರಾ?"

ನೀವು ನನ್ನನ್ನು ನೋಡಿದಿರಿ. ಆಮೇಲೆ ಇಳಿದು ಮಣೆಯ ಮೇಲೆ ಕೂತು, ನನ್ನನ್ನು ನಿಮ್ಮ ಬೆತ್ತದ ಕುರ್ಚಿಯಲ್ಲಿ ಕೂರಿಸಿದಿರಿ. "ಸರಿ ಕಣಮ್ಮಾ, ನಿನ್ನ ಮಾತೇನು?" ಹೋಗಲ್ಲ ಎಂದೆ. ಹೋಗಲಿಲ್ಲ. ಅಂದಿನಿಂದ ಅದೇ ಮನೆಯ ಪದ್ಧತಿಯಾಯಿತು: ಯಾರ ವಿಷಯ ತೀರ್ಮಾನವಾಗಬೇಕೋ ಅವರು ಕುರ್ಚಿಯಲ್ಲಿ, ನೀವು ಮಣೆಯಲ್ಲಿ. ನಾನು ಐರ್ಲೆಂಡಿಗೆ ಹೊರಟಾಗ ಮಂಡಿನೋವಿನಲ್ಲೂ ಮಣೆಯ ಮೇಲೆ ಕೂತಿದ್ದಿರಿ. "ನೀನು ಹೋಗ್ತಿದೀಯೋ, ಅವನು ಕರ್ಕೊಂಡ್ ಹೋಗ್ತಿದಾನೋ?" ಎಂದು ಕೇಳಿದಿರಿ. ನಾನೇ ಹೋಗ್ತಿದೀನಿ ಅಪ್ಪಾ, ಎಂದಿದ್ದೆ.

ಈ ಮನೆಯಲ್ಲಿ ಹೇಗಾಯಿತು ಗೊತ್ತೇ? ಚಾರ್ವಿಯನ್ನು ಹಗಲು ನೋಡಿಕೊಳ್ಳುವ ಕ್ರೆಶ್ ಮುಚ್ಚುತ್ತಿದೆ, ನಾವಿರುವ ಆಡಮ್ಸ್‌ಟೌನಿನಲ್ಲಿ ಬೇರೆಲ್ಲೂ ಜಾಗವಿಲ್ಲ, ಇಬ್ಬರಿಗೂ ಆಫೀಸು. ಒಂದು ರಾತ್ರಿ ಊಟದ ಮಧ್ಯೆ ಪ್ರಶಾಂತ ಹೇಳಿದ: "ಅಮ್ಮನ ಜೊತೆ ಚಾರ್ವಿಗೂ ಟಿಕೆಟ್ ಬುಕ್ ಮಾಡ್ದೆ. ಎರಡೇ ವರ್ಷ, ಸ್ಕೂಲ್ ಶುರುವಾಗೋವರ್ಗೂ." ಅತ್ತೆ ನನ್ನ ತಟ್ಟೆಗೆ ತುಪ್ಪ ಹಾಕುತ್ತಾ, "ನಮ್ಮ ಮಗುನ ನಾವು ನೋಡ್ಕೊಳಲ್ವೇನೇ?" ಎಂದರು. ಕೆಟ್ಟವರು ಯಾರೂ ಇಲ್ಲ ಅಪ್ಪಾ, ಅದೇ ಕಷ್ಟ. ಅಮ್ಮನೂ ಫೋನಿನಲ್ಲಿ, "ಕಳಿಸು ನಂದೂ, ಸುಸ್ತಾದ ನಿನ್ನ ಮುಖ ನೋಡಕ್ಕಾಗಲ್ಲ" ಎಂದಳು. ಅಂದು ಮಣೆ ತಂದಿಟ್ಟವಳು! ನೀವು ಹೋದಮೇಲೆ ಅವಳೂ ದಣಿದಿದ್ದಾಳೆ. ನಾನು ಅನ್ನ ಕಲಸುತ್ತಲೇ ಇದ್ದೆ. ನನ್ನ ಮೌನ ಒಪ್ಪಿಗೆಯ ಲೆಕ್ಕಕ್ಕೆ ಸೇರಿತು.

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ನೋರಾ ನನ್ನನ್ನೂ ಚಾರ್ವಿಯನ್ನೂ ಬಾಯ್ನ್ ನದಿಯ ದಂಡೆಗೆ ಕರೆದೊಯ್ದಿದ್ದಳು. ನಿಮ್ಮ ಪಾಠದ ಆ ಓಡಿಹೋದ ರಾಜ ಸಿಂಹಾಸನ ಮರಳಿ ಪಡೆಯಲು ಬಂದು ಸೋತದ್ದು ಅಲ್ಲೇ. ನಾನು ಜಂಬದಿಂದ ನಿಮ್ಮ ಪಾಠ ಒಪ್ಪಿಸಿದೆ: ಅಲ್ಲಿಂದಾಚೆಗೆ ಯಾವ ರಾಜನೂ ಕಾನೂನಿಗಿಂತ ಮೇಲಲ್ಲ. ನೋರಾ ನಕ್ಕಳು. "ಇಂಗ್ಲಿಷರಿಗೆ ಅದು ಗ್ರ್ಯಾಂಡ್ ಬಿಡು. ರಾಜನನ್ನು ಕಟ್ಟಿಹಾಕಿದವರೇ ನಮ್ಮ ಹೊಲ ಕಿತ್ತುಕೊಂಡರಲ್ಲ, ಆಗ ನಮ್ಮನ್ನು ಯಾರು ಕೇಳಿದರು?" ನೀವು ಅದನ್ನು ಯಾಕೆ ಹೇಳಿಕೊಡಲಿಲ್ಲ ಅಪ್ಪಾ? ದೊರೆಯನ್ನು ಕೆಳಗೆ ಕೂರಿಸಿದವರೂ ತಮಗಿಂತ ಕೆಳಗಿರುವವರನ್ನು ಮರೆಯುತ್ತಾರೆ ಎಂದು?

ನಿನ್ನೆ ಸಂಜೆ ಅತ್ತೆ ಫ್ರಾಕು ಮಡಿಸುತ್ತಾ, "ನಾಳೆ ಅಜ್ಜಿ ಜೊತೆ ಮೈಸೂರಿಗೆ ಹೋಗೋಣ ಬಂಗಾರ" ಎಂದರು. "ಹೂ ಸೆಡ್?" ಎಂದಳು ಚಾರ್ವಿ. ಎಲ್ಲದಕ್ಕೂ ಅವಳದು ಅದೇ ಪ್ರಶ್ನೆ, ಇಲ್ಲಿಯ ಮಕ್ಕಳದೇ ರಾಗದಲ್ಲಿ. ಹಲ್ಲುಜ್ಜು ಅಂದರೂ, ಯಾರು ಹೇಳಿದ್ದು? ಅತ್ತೆ ನಕ್ಕು, "ನಿಮ್ಮಪ್ಪ ಸೆಡ್ಡು" ಎಂದರು. ಅವಳು ನನ್ನ ಕಡೆ ತಿರುಗಿ, ಅಮ್ಮಾ ನೀನೂ ಹೇಳಿದ್ಯಾ, ಸಾಯಂಕಾಲ ಊಟಕ್ಕೆ ವಾಪಸ್ ಬರ್ತೀನಾ, ಎಂದು ತನ್ನ ಇಂಗ್ಲಿಷಿನಲ್ಲೇ ಕೇಳಿದಳು. ನಾನು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದೆ. ನನ್ನನ್ನು ಯಾರೂ ಕೇಳಲಿಲ್ಲ ಎಂದು ಇಷ್ಟು ದಿನ ಕಣ್ಣೀರಿಟ್ಟೆನಲ್ಲ, ಅವಳನ್ನು ನಾನು ಕೇಳಿದೆನೇ?

ನೀವಿದ್ದಾಗ ಸರಿಯಾಗಿ ಇದೇ ಹೊತ್ತಿಗೆ ಫೋನ್ ಮಾಡುತ್ತಿದ್ದಿರಿ. ಇತಿಹಾಸದ ಇಸವಿಗಳೆಲ್ಲ ಬಾಯಿಪಾಠ, ಐರ್ಲೆಂಡಿನ ಗಡಿಯಾರ ಮಾತ್ರ ಬಗೆಹರಿಯಲಿಲ್ಲ, ಐದೂವರೆ ಗಂಟೆಯನ್ನು ಕಳೆಯುವ ಬದಲು ಕೂಡಿ, "ಮಧ್ಯಾಹ್ನದ ಊಟ ಆಯ್ತೇನಮ್ಮಾ?" ಎನ್ನುತ್ತಿದ್ದಿರಿ. "ಅಪ್ಪಾ, ಇಲ್ಲಿ ನಡುರಾತ್ರಿ!" ಎಂದು ರೇಗುತ್ತಿದ್ದೆ.

ಚಾರ್ವಿ ಕೈತೊಳೆಯಲು ಹತ್ತುವ ಪುಟ್ಟ ಸ್ಟೂಲನ್ನು ಈಗಷ್ಟೇ ಹಾಲಿಗೆ ತಂದಿಟ್ಟಿದ್ದೇನೆ. ಎದುರಿಗೆ ದೊಡ್ಡ ಕುರ್ಚಿ. ಪ್ರಶಾಂತನನ್ನು ಕರೆದು ಸ್ಟೂಲಿನ ಮೇಲೆ ಕೂರು ಎನ್ನಬೇಕು, ಎರಡು ಸಲ ಅವನ ಕೋಣೆಯತ್ತ ಹೋಗಿ ತಿರುಗಿ ಬಂದು ಕೂತೆ. ಸೂಟ್‌ಕೇಸಿನ ಚಕ್ರ ಬಾಗಿಲವರೆಗೆ ಉರುಳಿದ್ದು ಈಗ ಕೇಳಿಸಿತು. ನಿಮ್ಮ ನಂಬರನ್ನು ಅಳಿಸಿಲ್ಲ ಅಪ್ಪಾ. ಇನ್ನೊಂದೇ ಸಲ ಗಂಟೆಯ ಲೆಕ್ಕ ತಪ್ಪಿಸಿಕೊಳ್ಳಿ. ನನ್ನ ಜೊತೆ ಮಾತಾಡುವುದೂ ಬೇಡ, ಅವನಿಗೆ ಅಷ್ಟೇ ಕೇಳಿ, ಮಗುನ ಕೇಳಿದ್ಯೇನಪ್ಪಾ, ಅದರ ಅಮ್ಮನ್ನ ಕೇಳಿದ್ಯಾ, ಎಂದು. ಅದೂ ಆಗದಿದ್ದರೆ ಬರೀ ರಿಂಗ್ ಆಗಲಿ; ಆ ಸದ್ದಿಗೆ ನಾನು ಎದ್ದು ನಿಲ್ಲುತ್ತೇನೆ. ಟ್ಯಾಕ್ಸಿ ಬರುವ ಮುಂಚೆ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ ಅಪ್ಪಾ.