ವಿರೋಧ ಪಕ್ಷದ ಬೆಂಚು

ಅಂಗಡಿಯ ಹಿಂದಿನ ಕೋಣೆ,
ಫೆಬ್ರವರಿ ೨೬, ಸೋಮವಾರ ಬೆಳಿಗ್ಗೆ

ಪ್ರೀತಿಯ ತಂಗೀ,

ಹೇಗಿದ್ದೀಯ? ಮೊಣಕಾಲು ನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದಾರಂತೆ, ನಮ್ಮ ದರ್ಜಿಯ ಹೆಂಡತಿ ಹೇಳಿದಳು. ಒಡಹುಟ್ಟಿದವಳ ಸುದ್ದಿ ಈಗ ನನಗೆ ಹೀಗೆ ಸುತ್ತು ಬಳಸಿಯೇ ಬರುತ್ತದೆ. ನಿನ್ನ ಯಜಮಾನರೂ ಮಗಳೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ನಾನು ಚೆನ್ನಾಗಿಯೇ ಇದ್ದೇನೆ. ಕಣ್ಣು ಮಾತ್ರ ಕೈಕೊಡುತ್ತಿದೆ; ಹೆಂಗಸರ ಪುಟ್ಟ ವಾಚು ರಿಪೇರಿಗೆ ಬಂದರೆ ಅದನ್ನು ಮಾಡಿದವನನ್ನು ಮನಸ್ಸಿನಲ್ಲೇ ಬೈದುಕೊಂಡು ಬಿಚ್ಚುತ್ತೇನೆ. ಅಂಗಡಿಗೆ ಬರುವವರೂ ಕಡಿಮೆ. ದಿನವಿಡೀ ಗೋಡೆಯ ಗಡಿಯಾರಗಳ ಸದ್ದು ಕೇಳುತ್ತ ಕೂತಿರುತ್ತೇನೆ, ಮಾತಿಗೆ ಒಬ್ಬರಿಲ್ಲ.

ನಿನ್ನೆ ನಮ್ಮ ಸಂಸತ್ತು ಸೇರಿತ್ತು. ಪೌರನೀತಿ ಮೇಷ್ಟ್ರು ಶಾಲೆಯಲ್ಲಿ ಕಟ್ಟಿಕೊಟ್ಟ ಅಣಕು ಸಂಸತ್ತನ್ನು, ಶಾಲೆ ಬಿಟ್ಟು ಮೂವತ್ತೊಂದು ವರ್ಷವಾದರೂ ವರ್ಷಕ್ಕೊಮ್ಮೆ ಅದೇ ಕೋಣೆಯಲ್ಲಿ ನಡೆಸಿಕೊಂಡು ಬರುತ್ತಿರುವ ಹುಚ್ಚರು ನಾವಷ್ಟೇ ಇರಬೇಕು. ಮೊದಮೊದಲು ನಲವತ್ತು ಜನ ಸೇರುತ್ತಿದ್ದೆವು, ಆಮೇಲೆ ಅವರ ಮಕ್ಕಳುಮರಿ ಬೇರೆ. ದರ್ಜಿಯಾದವನು ಇವತ್ತಿಗೂ ನಮಗೆ ಅರ್ಥಮಂತ್ರಿ, ನರ್ಸ್ ಆದವಳು ಗೃಹಮಂತ್ರಿ, ನಾನು ಸಭಾಧ್ಯಕ್ಷ. ನೀನಂತೂ ಹುಟ್ಟಾ ವಿರೋಧ ಪಕ್ಷದ ನಾಯಕಿ. ಮನೆಯಲ್ಲಿ ಊಟಕ್ಕೆ ಕೂತರೂ "ಮಾನ್ಯ ಸಭಾಧ್ಯಕ್ಷರೇ, ಆ ಉಪ್ಪನ್ನು ಇತ್ತ ದಯಪಾಲಿಸಿ" ಎನ್ನುತ್ತಿದ್ದೆ. "ಇವರಿಬ್ಬರಿಗೂ ನಾಲ್ಕು ಬಿಟ್ಟರೆ ಸಂಸತ್ತು ತಾನಾಗೇ ಮುಗಿಯುತ್ತೆ" ಎಂದು ಅಮ್ಮ ಸೌಟು ಎತ್ತುತ್ತಿದ್ದಳು.

ನಿನ್ನೆ ಬಂದವನು ಅರ್ಥಮಂತ್ರಿ ಒಬ್ಬನೇ. ಗೃಹಮಂತ್ರಿಗೆ ಆಸ್ಪತ್ರೆಯ ಡ್ಯೂಟಿ. ಇನ್ನು ಕೆಲವರು ವಾಡಿಕೆಯಂತೆ ರಜೆ ಚೀಟಿ ಕಳಿಸಿದ್ದರು. ಹನ್ನೊಂದು ಚೀಟಿಯನ್ನೂ ನಾನು ಎದ್ದು ನಿಂತು ಓದಿದೆ, ಅವನು ಹನ್ನೊಂದು ಸಲವೂ ಕೈಯೆತ್ತಿ ಮಂಜೂರು ಮಾಡಿದ. ನಗು ಬರಬೇಕಿತ್ತು, ಬರಲಿಲ್ಲ. ಕೊನೆಗೆ "ವಿರೋಧ ಪಕ್ಷದವರು ಏನಾದರೂ ಹೇಳುವುದಿದೆಯೇ?" ಎಂದು ಕೇಳಿದೆ. ಕೇಳಿದ ಮೇಲೆ ನಿಯಮದಂತೆ ಐದು ನಿಮಿಷ ಕೊಡಲೇಬೇಕಲ್ಲ. ನಿನ್ನ ಖಾಲಿ ಬೆಂಚನ್ನೇ ನೋಡುತ್ತ ಕೂತೆ. ಅರ್ಥಮಂತ್ರಿ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಐದು ನಿಮಿಷ ಅಷ್ಟು ಉದ್ದವಿರುತ್ತದೆ ಎಂದು ಗಡಿಯಾರದ ಕೆಲಸದವನಾದ ನನಗೇ ಗೊತ್ತಿರಲಿಲ್ಲ.

ರಜೆ ಚೀಟಿಯಿಲ್ಲದೆ ಮೂರು ವರ್ಷ ಬಾರದವರ ಹೆಸರು ಹೊಡೆದುಹಾಕಬೇಕು. ನಾನೇ ಹಟ ಹಿಡಿದು ಮಾಡಿಸಿದ ನಿಯಮ. ನಿನ್ನದು ಇದು ಮೂರನೆಯ ವರ್ಷ. ಪೆನ್ನು ತೆಗೆದೆ, ಕೈ ಏಳಲಿಲ್ಲ. ಸುಮ್ಮನೆ ನಡಾವಳಿ ಪುಸ್ತಕದ ಹಿಂದಿನ ಹಾಳೆ ತಿರುವಿದಾಗ ನೀನು ಕೊನೆಯ ಸಲ ಆಡಿದ ಮಾತು ಸಿಕ್ಕಿತು. "ಸಭಾಧ್ಯಕ್ಷರ ಕುರ್ಚಿ ವರ್ಷಕ್ಕೊಬ್ಬರಿಗೆ ಸಿಗಬೇಕು. ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳನ್ನೂ ಕರೆಯಬೇಕು. ಇಲ್ಲದಿದ್ದರೆ ಒಂದು ದಿನ ಈ ಕೋಣೆಯಲ್ಲಿ" ಎಂಬಲ್ಲಿಗೆ ನಿಂತಿದೆ. ಅದರ ಕೆಳಗೆ ನನ್ನ ಕೈಬರಹ: "ಸಮಯ ಮುಗಿದದ್ದರಿಂದ ಗಂಟೆ ಹೊಡೆಯಲಾಯಿತು." ನೀನು ಚೀಲ ಎತ್ತಿಕೊಂಡು ಹೊರಟೇಬಿಟ್ಟೆ. ಇವಳಿಗೆ ಕೋಪ ಮೂಗಿನ ತುದಿಯಲ್ಲೇ ಎಂದು ನಾನು ಎಲ್ಲರೆದುರು ನಕ್ಕೆ. ಆ ವಾಕ್ಯ ಹೇಗೆ ಮುಗಿಯಬೇಕಿತ್ತೆಂದು ನಿನ್ನೆ ಆ ಕೋಣೆಯಲ್ಲಿ ಕೂತಾಗ ತಿಳಿಯಿತು. ನಿನ್ನನ್ನು ನೋಡಬೇಕು ಅನ್ನಿಸಿತು ತಂಗೀ. ಇದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ನನ್ನದಲ್ಲ.

"ಇವತ್ತೇ ಹೊಡೆದುಹಾಕ್ಬೇಕು ಅಂತ ಏನಿದೆ? ಮುಂದೂಡಪ್ಪ" ಎಂದ ಅರ್ಥಮಂತ್ರಿ. ಸಭೆಯನ್ನು ಮಾರ್ಚ್ ಮೂವತ್ತೊಂದರ ಭಾನುವಾರಕ್ಕೆ ಮುಂದೂಡಿದ್ದೇನೆ. ಅಲ್ಲಿಯವರೆಗೆ ನಿನ್ನ ಹೆಸರು ಪುಸ್ತಕದಲ್ಲಿರುತ್ತದೆ. ಒಂದು ಸಾಲಿನ ರಜೆ ಚೀಟಿ ಹಾಕಿದರೆ ಆಮೇಲೂ ಉಳಿಯುತ್ತದೆ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಮಗಳಿಗೆ ಸೋದರಮಾವನ ಆಶೀರ್ವಾದ. ಅವಳೂ ನಿನ್ನಂತೆಯೇ ಎದುರು ಮಾತಾಡುತ್ತಾಳೆಂದು ಕೇಳಿ ಖುಷಿಯಾಯಿತು. ಕಾಲು ನೋಡಿಕೋ.

ನಿನ್ನ ದಾರಿ ಕಾಯುತ್ತಿರುವ
ಅಣ್ಣ

ಇನ್ನೊಂದು ಮಾತು. ಅಂಚೆಗೆ ಹಾಕುವ ಹೊತ್ತಾಯಿತು, ಧೈರ್ಯ ಹೋಗುವ ಮೊದಲೇ ಬರೆದುಬಿಡುತ್ತೇನೆ. ಅವತ್ತು ನಿನ್ನ ಐದು ನಿಮಿಷ ಆಗಿರಲಿಲ್ಲ. ನಾಲ್ಕಾಗಿತ್ತು. ಗಡಿಯಾರ ನೋಡಿಯೇ ಗಂಟೆ ಹೊಡೆದೆ. ಕುರ್ಚಿ ಹೋಗುತ್ತದೆಂಬ ಭಯ. ನಿನ್ನೆ ಪುಸ್ತಕದಲ್ಲಿ ಅದನ್ನು ತಿದ್ದಿ ಸಹಿ ಹಾಕಿದ್ದೇನೆ, ಅರ್ಥಮಂತ್ರಿಯೇ ಸಾಕ್ಷಿ. ನಿನ್ನದಿನ್ನೂ ಒಂದು ನಿಮಿಷ ಬಾಕಿಯಿದೆ. ರಜೆ ಚೀಟಿ ಕಳಿಸಬೇಡ. ಬಾ.